ಚಳಿ ಬರೂದ್ರೊಳಗ ಮೀನಿನ ಆಹಾರಕ್ಕ ಅರಿಷಿಣ, ಬಳ್ಳೊಳ್ಳಿ ಕೂಡಿಸಬೇಕಂತೀನಿ: ಹಾಕಿ ನೋಡಿದವ್ರು ಹೇಳ್ರಿ

ಬೀಳಗಿ ಹೊಂಡದವ · ಅಕ್ಟೋಬರ್ 14, ರಾತ್ರಿ 9:10

ಎಲ್ಲಾರಿಗೂ ಶರಣ್ರಿ. ಬೀಳಗಿ ತಾಲೂಕಿನಾಗ ಆಲಮಟ್ಟಿ ಹಿನ್ನೀರಿನ ದಂಡಿಗೆ ನಮ್ಮ ಹೊಲ. 20 ಗುಂಟೆ ಹೊಂಡ ಐತಿ, ಹಿನ್ನೀರಿಂದ ಪಂಪ್ ಹಚ್ಚಿ ತುಂಬಿಸ್ತೀನಿ. ಕಾಟ್ಲಾ, ರೋಹು, ಮೃಗಾಲ್ ಕೂಡಿ 2000 ಮರಿ ಬಿಟ್ಟೀನಿ.

ಹೋದ ವರ್ಷ ಎಳ್ಳಮಾಸಿ ಮುಂದ ಚಳಿ ಬಿದ್ದಾಗ ಮೀನಿನ ಮೈಮ್ಯಾಲ ಕೆಂಪ ಗಾಯ ಕಂಡುವು. ಕೆಲವಕ್ಕ ಹೊಟ್ಟಿ ಉಬ್ಬಿತ್ತು. ಅಂಗಡಿಯವ್ರು ಒಂದು ಬಾಟ್ಲಿ ಕೊಟ್ರು, ಗಿಡಮೂಲಿಕೆ ಔಷಧ, ರೋಗನಿರೋಧಕ ಶಕ್ತಿ ಹೆಚ್ಚತೈತಿ ಅಂದ್ರು. ಯಾವ ಗಿಡ, ಎಷ್ಟು ಪ್ರಮಾಣ ಅಂತ ಬಾಟ್ಲಿ ಮ್ಯಾಲ ಒಂದಕ್ಷರ ಇರಲಿಲ್ಲ. ನೀರಿಗೆ ಸುರುವಿದೆ. 15 ದಿನದಾಗ 400ರ ಮ್ಯಾಲ ಮೀನು ಸತ್ತು ತೇಲಿದುವು. ದಿನಾ ಮುಂಜಾನೆ ಬುಟ್ಟಿ ತುಂಬಾ ತಗದು ತಗ್ಗಿನಾಗ ಹಾಕಿ ಸುಣ್ಣ ಚೆಲ್ಲೂದು ಅಂದ್ರ ಎಂಥಾ ಸಂಕಟ ಅನ್ನೂದು ಮೀನು ಸಾಕಿದವ್ರಿಗೇ ಗೊತ್ತು.

ಈ ವರ್ಷ ಮೊದಲ ತಯಾರಿ ಮಾಡ್ಕೋಬೇಕಂತೀನಿ. ಮನ್ಯಾಗ ಅವ್ವ ಅಂತಾಳ, ದನಕ್ಕ ಅರಿಷಿಣ ತಿನಸ್ತೀವಿ, ಕೋಳಿಗೆ ಬಳ್ಳೊಳ್ಳಿ ಹಾಕ್ತೀವಿ, ಮೀನಿಗ್ಯಾಕ ಬ್ಯಾಡ ಅಂತ. ಮೀನು ಈಗ ಸರಾಸರಿ 300 ಗ್ರಾಂ ಅದಾವ. ಹಾಕೂದಾದ್ರ ಎಷ್ಟು, ಹೆಂಗ, ಯಾವಾಗಿಂದ? ಅಥವಾ ಇದೆಲ್ಲಾ ಬರೇ ಮಾತೋ? ಅನುಭವ ಇದ್ದವ್ರು ಹೇಳ್ರಿ.

---

ಗೋಕಾಕ ಗೆಂಡೆ · ಅಕ್ಟೋಬರ್ 15, ಬೆಳಿಗ್ಗೆ 7:25

ನಮಸ್ಕಾರ್ರಿ ಅಣ್ಣಾರ. ಮೀನುಗಾರಿಕೆ ಓದಿ ಈಗ ಘಟಪ್ರಭಾ ದಂಡೆಗೆ ಸ್ವಂತ ಹೊಂಡ ಮಾಡ್ಕೊಂಡವ ನಾನು. ಬರೇ ಮಾತಲ್ಲ, ಆದ್ರ ಬಾಟ್ಲಿಯವ್ರು ಹೇಳೋ ಅಷ್ಟೂ ಅಲ್ಲ.

ನೀವು ಹೋದ ವರ್ಷ ಮಾಡಿದ್ದು ರೋಗ ಬಂದ ಮೇಲಿನ ಕೆಲಸ. ಜಡ್ಡಾದ ಮೀನು ಮೊದಲು ಬಿಡೋದೇ ಊಟ. ಊಟ ಬಿಟ್ಟ ಮೀನಿಗೆ ಆಹಾರದಾಗ ಏನು ಬೆರೆಸಿದ್ರೂ ಹೊಟ್ಟೆಗೆ ಹೋಗೂದಿಲ್ಲ. ನೀರಿಗೆ ಸುರುವಿದ ಔಷಧ 20 ಗುಂಟೆ ನೀರಾಗ ಕರಗಿ ಎಲ್ಲಿ ಹೋಗ್ತದೋ ದೇವರಿಗೇ ಗೊತ್ತು. ಗಿಡಮೂಲಿಕೆ ಕೆಲಸ ಮಾಡೋದಿದ್ರ ರೋಗಕ್ಕ ಮುಂಚೆ, ಮೀನು ಚೆಂದಾಗಿ ತಿನ್ನೋವಾಗ ಮಾತ್ರ.

ಯಾಕಂದ್ರ ಮೀನಿನ ರಕ್ಷಣೆ ಎರಡು ಥರ. ಒಂದು ಹುಟ್ಟಿಂದ ಬಂದದ್ದು: ಮೈಮೇಲಿನ ಲೋಳೆ, ಲೋಳೆಯಾಗೂ ರಕ್ತದಾಗೂ ಇರೋ ಲೈಸೋಜೈಮ್ ಅನ್ನೋ ಕಿಣ್ವ (ಬ್ಯಾಕ್ಟೀರಿಯಾದ ಹೊರಗೋಡೆ ಒಡೀತದ), ರೋಗಾಣು ನುಂಗಿ ಹಾಕೋ ಬಿಳಿ ರಕ್ತಕಣ. ಇನ್ನೊಂದು, ಒಮ್ಮೆ ಬಂದ ರೋಗಾಣುವನ್ನ ಗುರುತಿಟ್ಟು ಪ್ರತಿಕಾಯ ತಯಾರಿಸೋದು. ಮೀನು ತಣ್ಣನೆ ರಕ್ತದ ಪ್ರಾಣಿ. ನೀರು ತಂಪಾದಂಗ ಪ್ರತಿಕಾಯದ ಕೆಲಸ ಮಂದ ಆಗ್ತದ, ಭಾರ ಎಲ್ಲಾ ಮೊದಲಿನದರ ಮ್ಯಾಲ ಬೀಳ್ತದ. ಬೆಳ್ಳುಳ್ಳಿ, ಅರಿಷಿಣ, ಅಶ್ವಗಂಧ ಇವುಗಳ ಪ್ರಯೋಗದಾಗ ಹೆಚ್ಚಾಗಿ ಕಂಡದ್ದು ಈ ಮೊದಲಿನ ರಕ್ಷಣೆ ಚುರುಕಾಗೋದು.

ನಮ್ಮ ರೋಹು ಮ್ಯಾಲೇ ಮಾಡಿದ ಪ್ರಯೋಗ ಅದಾವ. 2010ರಾಗ ಪ್ರಕಟ ಆದ ಒಂದರಾಗ ರೋಹು ಮರಿಗೆ 42 ದಿನ ಅಶ್ವಗಂಧದ ಬೇರಿನ ಪುಡಿ ಕೊಟ್ರು, ಆಹಾರದ ಕಿಲೋಗೆ 1, 2, 3 ಗ್ರಾಂ ಹಂಗ. ಆಮ್ಯಾಲ ಏರೋಮೋನಾಸ್ ಹೈಡ್ರೋಫಿಲಾ ರೋಗಾಣು ಕೊಟ್ಟು ನೋಡಿದಾಗ ಚಲೋ ಫಲ ಬಂದದ್ದು 2 ಗ್ರಾಂಗೆ, 3ಕ್ಕಲ್ಲ. ಇದನ್ನ ನೆನಪಿಡ್ರಿ. ಹೆಚ್ಚು ಹಾಕಿದ್ರ ಹೆಚ್ಚು ಶಕ್ತಿ ಅನ್ನೋ ಲೆಕ್ಕ ಇಲ್ಲಿ ನಡೆಯೂದಿಲ್ಲ.

---

ಕೆರಿ ಕಾಕಾ, ಇಂಡಿ · ಅಕ್ಟೋಬರ್ 15, ಮಧ್ಯಾಹ್ನ 1:02

ತಮ್ಮಾ, ನಾ ಐವತ್ತು ವರ್ಷ ಬಲಿ ಹಿಡದವ. ಗಿಡಮೂಲಿಕಿ ಅಂದ ಕೂಡ್ಲೆ ಅಮೃತ ಅಂತ ತಿಳೀಬ್ಯಾಡ. ನಾವು ಸಣ್ಣವ್ರಿದ್ದಾಗ ಹಳ್ಳದ ಮಡುವಿನಾಗ ಕಾರಿಕಾಯಿ ಜಜ್ಜಿ ಹಾಕಿ ಮೀನು ಹಿಡೀತಿದ್ರು. ಕಳ್ಳಿ ಹಾಲು ಬಿಡ್ತಿದ್ರು. ಅರ್ಧ ತಾಸಿನಾಗ ಮೀನು ಅಂಗಾತ. ಅವೂ ಗಿಡಾನ ಅಲ್ಲೇನು?

ಬೇವಿನ ಎಲಿ ರುಬ್ಬಿ ಹೊಂಡಕ್ಕ ಸುರುವ್ಯಾರು ನಮ್ಮ ಊರಾಗ ಒಬ್ರು, ಮೀನಿನ ಮೈಗೆ ಹತ್ತೂ ಹೇನು ಹೋಗ್ಲಿ ಅಂತ. ಮರುದಿನ ಮೀನು ಮ್ಯಾಲ ಬಂದು ಬಾಯಿ ತಗೀಲಿಕ್ಕೆ ಹತ್ತಿದ್ದುವು. ಏನ ಕೊಡೂದಿದ್ರೂ ತಿನ್ನೂದ್ರಾಗ ಕೊಡು, ನೀರಿಗೆ ಹಾಕಬ್ಯಾಡ.

---

ಗೋಕಾಕ ಗೆಂಡೆ · ಅಕ್ಟೋಬರ್ 15, ಮಧ್ಯಾಹ್ನ 1:40

ಕಾಕಾರು ಹೇಳಿದ್ದು ಬಂಗಾರದಂಥ ಮಾತು. ಮರಿ ಬಿಡೋ ಮುಂಚೆ ಹೊಂಡದಾಗಿನ ಬೇಡಾದ ಮೀನು ಕೊಲ್ಲಲಿಕ್ಕೆ ಇಲಾಖೆಯವ್ರೇ ಹೇಳೋದು ಹಿಪ್ಪೆ ಹಿಂಡಿ, ಒಂದು ಹೆಕ್ಟೇರು ಒಂದು ಮೀಟರ್ ಆಳದ ನೀರಿಗೆ 2000 ದಿಂದ 2500 ಕಿಲೋ. ಅದರಾಗಿನ ಸಪೋನಿನ್ ಮೀನಿನ ರಕ್ತಕಣ ಒಡೀತದ. ಬೇವಿನಾಗಿನ ಅಂಶನೂ ಮೀನಿಗೆ ವಿಷ, ಪ್ರಮಾಣ ಮೀರಿದ್ರ ಕಿವಿರು ಸುಡ್ತದ.

---

ಶಾಲೆ ಮಾಸ್ತರ, ಬೆಳಗಾವಿ · ಅಕ್ಟೋಬರ್ 15, ಸಂಜೆ 6:18

ಜೀವಶಾಸ್ತ್ರ ಕಲಿಸುವವನು ನಾನು, ಮೀನು ಸಾಕಿದವನಲ್ಲ. ಆದರೂ ಒಂದು ಮಾತು ಹೇಳಬೇಕು. 2009ರಲ್ಲಿ ಪ್ರಕಟವಾದ ಬೆಳ್ಳುಳ್ಳಿ ಪ್ರಯೋಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ರೇನ್‌ಬೋ ಟ್ರೌಟ್ ಮೀನಿಗೆ 14 ದಿನ ಬೆಳ್ಳುಳ್ಳಿ ಬೆರೆಸಿದ ಆಹಾರ ಕೊಟ್ಟು, ಇದೇ ಏರೋಮೋನಾಸ್ ರೋಗಾಣು ಕೊಟ್ಟಾಗ ಸಾವು 4 ಪ್ರತಿಶತಕ್ಕೆ ಇಳಿಯಿತು, ಬೆಳ್ಳುಳ್ಳಿ ತಿನ್ನದ ಗುಂಪಿನಲ್ಲಿ 88 ಪ್ರತಿಶತ ಸತ್ತವು. ಓದಿದರೆ ಯಾರಿಗಾದರೂ ನಾಳೆಯೇ ಸಂತೆಗೆ ಓಡಬೇಕೆನಿಸುತ್ತದೆ.

ಆದರೆ ಟ್ರೌಟ್ ತಣ್ಣೀರಿನ ಮೀನು. ಪ್ರಯೋಗ ನಡೆದದ್ದು ಶುದ್ಧ ನೀರಿನ ತೊಟ್ಟಿಯಲ್ಲಿ, ರೋಗಾಣು ಕೊಟ್ಟದ್ದು ಪ್ರಯೋಗ ಮಾಡಿದವರ ಕೈಯಿಂದ. ನಮ್ಮ ಎರೆಮಣ್ಣಿನ ಹೊಂಡದಲ್ಲಿ ನಸುಕಿನಲ್ಲಿ ಆಮ್ಲಜನಕ ಕುಸಿಯುತ್ತದೆ, ಮಧ್ಯಾಹ್ನ ನೀರು ಕ್ಷಾರವಾಗಿ ಅಮೋನಿಯಾದ ವಿಷ ಏರುತ್ತದೆ, ಬಲೆ ತಾಗಿ ಹುರುಪೆ ಕಿತ್ತಿರುತ್ತದೆ. ತೊಟ್ಟಿಯಲ್ಲಿ ಗೆದ್ದ ಬೆಳ್ಳುಳ್ಳಿ ಇಷ್ಟೆಲ್ಲದರ ಮುಂದೆ ಗೆಲ್ಲುತ್ತದೆ ಎನ್ನಲು ಪುರಾವೆ ಬೇರೆಯೇ ಬೇಕು. ಜೊತೆಗೆ, ಫಲ ಕಾಣದ ಪ್ರಯೋಗಗಳು ಅಚ್ಚಿಗೆ ಹೋಗುವುದು ಕಡಿಮೆ. ಹಾಕಬೇಡಿ ಎನ್ನುತ್ತಿಲ್ಲ, ಹಾಕಿದ್ದರಿಂದಲೇ ಉಳಿದವು ಎಂದು ಗೊತ್ತಾಗುವ ಹಾಗೆ ಹಾಕಿ ಎನ್ನುತ್ತೇನೆ.

---

ಸಂಘದ ಅಕ್ಕ, ಮುಧೋಳ · ಅಕ್ಟೋಬರ್ 15, ರಾತ್ರಿ 8:33

ಅಣ್ಣಾರ, ನಮ್ಮ ಮಹಿಳಾ ಸಂಘದಾಗ ಎಂಟು ಮಂದಿ ಕೂಡಿ ಮೀನಿನ ಆಹಾರ ಮಾಡ್ತೀವ್ರಿ. ಶೇಂಗಾ ಹಿಂಡಿ, ಅಕ್ಕಿ ತೌಡು, ಗೋವಿನಜ್ವಾಳದ ಹಿಟ್ಟು, ಒಣ ಮೀನಿನ ಪುಡಿ. ಶ್ಯಾವಿಗಿ ಮಷೀನಿನಾಗ ಒತ್ತಿ ನೆರಳಾಗ ಒಣಗಿಸಿ ಚೀಲಕ್ಕ ತುಂಬ್ತೀವಿ.

ನೀವು ಅರಿಷಿಣ ಬಳ್ಳೊಳ್ಳಿ ಕೇಳೀರಿ, ನಾ ನಿಮ್ಮ ಹಿಂಡಿ ಕೇಳ್ತೀನಿ. ಹೋದ ವರ್ಷ ಹಾಕಿದ ಶೇಂಗಾ ಹಿಂಡಿ ಹೆಂಗಿತ್ತು? ಮಳಿಗಾಲದಾಗ ತಂದು ನೆಲದ ಮ್ಯಾಲ ಚೀಲ ಒಟ್ಟಿದ್ರ ಅದಕ್ಕ ಬೂಷ್ಟು ಹಿಡೀತೈತ್ರಿ. ಹಸರು ಬೂಷ್ಟು ಬಂದ ಹಿಂಡಿ ನಾವು ಮೊದಲು ಬಿಸಲಿಗೆ ಹಾಕಿ ಉಪಯೋಗಿಸ್ತಿದ್ವಿ, ದುಡ್ಡು ಕೊಟ್ಟು ತಂದದ್ದು ಚೆಲ್ಲೂದು ಹೆಂಗ ಅಂತ. ತರಬೇತಿಗೆ ಹೋದಾಗ ತಿಳೀತು, ಅದರಾಗ ಅಫ್ಲಾಟಾಕ್ಸಿನ್ ಅನ್ನೂ ವಿಷ ಇರತೈತಿ, ಬಿಸಲಿಗೆ ಹಾಕಿದ್ರೂ ಕುದಿಸಿದ್ರೂ ಪೂರಾ ಹೋಗಂಗಿಲ್ಲ, ಮೀನಿನ ಯಕೃತ್ತು ಕೆಡಸ್ತೈತಿ ಅಂತ. ಒಂದು ಕೈಲೆ ಬೂಷ್ಟು ಹಿಂಡಿ, ಇನ್ನೊಂದು ಕೈಲೆ ಅರಿಷಿಣ ಕೊಟ್ರ ಏನು ಬಂತ್ರಿ? ನಾವೀಗ ಚೀಲ ಎಲ್ಲಾ ಕಟಗಿ ಅಟ್ಟದ ಮ್ಯಾಲ ಇಡ್ತೀವಿ, ತಿಂಗಳಿಗೆ ಬೇಕಾದಷ್ಟೇ ತರ್ತೀವಿ.

---

ಗೋಕಾಕ ಗೆಂಡೆ · ಅಕ್ಟೋಬರ್ 15, ರಾತ್ರಿ 9:05

ಅಕ್ಕಾರ, ಇದನ್ನ ನಾನೇ ಮೊದಲು ಹೇಳಬೇಕಿತ್ತು. ಅಫ್ಲಾಟಾಕ್ಸಿನ್ ಜಗತ್ತಿಗೆ ಗೊತ್ತಾದದ್ದೇ ಶೇಂಗಾ ಹಿಂಡಿಯಿಂದ. 1960ರಾಗ ಇಂಗ್ಲೆಂಡಿನಾಗ ಟರ್ಕಿ ಕೋಳಿ ಒಂದು ಲಕ್ಷದಷ್ಟು ಸತ್ತಾಗ ಮೂಲ ಹುಡುಕಿದ್ರು, ಬೂಷ್ಟು ಹಿಡಿದ ಶೇಂಗಾ ಹಿಂಡಿ ಸಿಕ್ತು. ಅದು ರೋಗನಿರೋಧಕ ಶಕ್ತಿಯನ್ನೂ ತಗ್ಗಿಸ್ತದ. ಮಸಾಲೆ ಹುಡುಕೋ ಮುಂಚೆ ಆ ಚೀಲ ಮೂಸಿ ನೋಡ್ರಿ ಅಣ್ಣಾರ.

---

ಬೀಳಗಿ ಹೊಂಡದವ · ಅಕ್ಟೋಬರ್ 16, ಬೆಳಿಗ್ಗೆ 6:50

ಅಕ್ಕಾರ ಮಾತು ಓದಿ ರಾತ್ರಿನೇ ಬ್ಯಾಟರಿ ಹಿಡಕೊಂಡು ಶೆಡ್ಡಿಗೆ ಹೋದೆ. ತಳದ ಎರಡು ಚೀಲ ಗಂಟು ಕಟ್ಟಿದ್ದುವು, ಒಡದ್ರ ಒಳಗ ಹಸರು. ಹೋದ ವರ್ಷನೂ ಹಿಂಗ ಇದ್ದದ್ದು ನೆನಪಾತು. ಎರಡೂ ಚೀಲ ಸುಟ್ಟೆ. ಮನಸಿಗೆ ಬಾಳ ಕಸಿವಿಸಿ ಆಗೇತಿ, ನನ್ನ ಕೈಯಾರೆ ತಿನಸೀನಿ.

ಈಗ ಬಳ್ಳೊಳ್ಳಿ ಲೆಕ್ಕ ಹೇಳ್ರಿ. ದಿನಾ 10 ಕಿಲೋ ಆಹಾರ ಹಾಕ್ತೀನಿ.

---

ಗೋಕಾಕ ಗೆಂಡೆ · ಅಕ್ಟೋಬರ್ 16, ಬೆಳಿಗ್ಗೆ 8:15

1700 ಮೀನು ಉಳಿದಾವ ಅಂತ ಹಿಡಿದ್ರ, 300 ಗ್ರಾಂ ಹಂಗ 510 ಕಿಲೋ. ಮೈತೂಕದ ನೂರಕ್ಕೆ 2ರಂತೆ 10 ಕಿಲೋ, ಸರಿ ಐತಿ. ಚಳಿ ಹೆಚ್ಚಾಗಿ ತಿನ್ನೋದು ಕಮ್ಮಿ ಆದಾಗ ಆಹಾರನೂ ಕಮ್ಮಿ ಮಾಡ್ರಿ, ಉಳಿದದ್ದು ಕೊಳೆತು ನೀರು ಕೆಡಸ್ತದ.

ರೋಹು ಪ್ರಯೋಗದಾಗ ಬಳಸಿದ ಬೆಳ್ಳುಳ್ಳಿ ಕಿಲೋ ಆಹಾರಕ್ಕ 1 ರಿಂದ 10 ಗ್ರಾಂ. ನೀವು ಒಣಪುಡಿ 5 ಗ್ರಾಂ ಇಟ್ಕೊಳ್ರಿ. ಹಸಿ ಬೆಳ್ಳುಳ್ಳಿಯಾಗ ಮೂರರಾಗ ಎರಡು ಪಾಲು ನೀರೇ ಇರ್ತದ, ಅದಕ್ಕ ಹಸಿದು 15 ಗ್ರಾಂ. 10 ಕಿಲೋಗೆ 150 ಗ್ರಾಂ. ಕಿಲೋಗೆ 200 ರೂಪಾಯಿ ಅಂತ ಹಿಡಿದ್ರೂ ದಿನಕ್ಕ 30, 21 ದಿನಕ್ಕ 630 ರೂಪಾಯಿ. ನಿಮ್ಮ ಬಾಟ್ಲಿ ಎಷ್ಟಕ್ಕ ಬಂದಿತ್ತು ನೆನಪು ಮಾಡ್ಕೊಳ್ರಿ.

ಜಜ್ಜೋದ್ರಾಗ ಒಂದು ಗುಟ್ಟು ಐತಿ. ಇಡೀ ಎಸಳಿನಾಗ ಅಲಿಸಿನ್ ಇರೂದಿಲ್ಲ. ಜಜ್ಜಿದಾಗ ಅಲೀನ್ ಅನ್ನೋ ಅಂಶಕ್ಕ ಅದರದೇ ಕಿಣ್ವ ತಾಗಿ ಅಲಿಸಿನ್ ಹುಟ್ಟತದ, ಆ ಘಾಟು ವಾಸನೆ ಅದೇ. ಜಜ್ಜಿ ಹತ್ತು ನಿಮಿಷ ಬಿಡ್ರಿ, ಆಮ್ಯಾಲ ಬೆರೆಸ್ರಿ. ಬಿಸಿಗೆ ಹಾಕಿದ್ರ ಕಿಣ್ವ ಸಾಯ್ತದ.

---

ಸಂಘದ ಅಕ್ಕ, ಮುಧೋಳ · ಅಕ್ಟೋಬರ್ 16, ಬೆಳಿಗ್ಗೆ 10:20

ಅದಕ್ಕ ನಾವು ಮೊದಲು ಗೋವಿನಜ್ವಾಳದ ಹಿಟ್ಟಿನ ಗಂಜಿ ಕಾಸಿ, ಕೈಗೆ ಹತ್ತುವಷ್ಟು ಆರಿದ ಮ್ಯಾಲ ಬಳ್ಳೊಳ್ಳಿ ಕಲಸ್ತೀವಿ. ಗಂಜಿ ಇಲ್ಲಂದ್ರ ಮಸಾಲಿ ಎಲ್ಲಾ ನೀರಾಗ ತೊಳದು ಹೋಗತೈತ್ರಿ, ಮೀನಿನ ಬಾಯಿಗೆ ಬರೇ ಹಿಂಡಿ. ಚೀಲದ ಕಾಳು ತರೂದಾದ್ರ, ಬಳ್ಳೊಳ್ಳಿ ರಸಕ್ಕ ಒಂದು ಚಮಚಿ ಶೇಂಗಾ ಎಣ್ಣಿ ಕೂಡಿಸಿ ಕಾಳಿಗೆ ಸವರಿ, ನೆರಳಾಗ ಅರ್ಧ ತಾಸು ಆರಿಸಿ ಹಾಕ್ರಿ. ಅವತ್ತಿಂದು ಅವತ್ತೇ ಮುಗಸ್ರಿ.

---

ತೇರದಾಳ ಹೊಲ · ಅಕ್ಟೋಬರ್ 16, ಸಂಜೆ 7:44

ಅರಿಷಿಣ ಬೆಳೆಯೋನು ನಾನು, ಪ್ರತಿ ವರ್ಷ ಸಾಂಗ್ಲಿ ಪ್ಯಾಟಿಗೆ ಹಾಕ್ತೀನಿ. ದಯಮಾಡಿ ಅಂಗಡಿ ಸಡ್ಲ ಪುಡಿ ತಂದು ಮೀನಿಗೆ ಹಾಕಬ್ಯಾಡ್ರಿ. ಬಣ್ಣ ಬರಲಿ ಅಂತ ಸೀಸದ ಕ್ರೋಮೇಟ್ ಬೆರೆಸೋ ಮಂದಿ ಅದಾರ, ಸೀಸ ಮನಷ್ಯಾಗೂ ವಿಷ, ಮೀನಿಗೂ ವಿಷ. ಬೆಳೆದವ್ರ ಕಡೆಯಿಂದ ಪಾಲಿಶ್ ಹಾಕದ ಕೊಂಬು ತಗೊಂಡು ನೀವೇ ಬೀಸ್ರಿ. ನಮ್ಮ ಕಡೆ ಬಂದ್ರ ಮೀನಿಗೆ ಸಾಲುವಷ್ಟು ನಾನೇ ಕೊಡ್ತೀನಿ, ರೊಕ್ಕ ಬ್ಯಾಡ. ಪ್ರಮಾಣ ಎಷ್ಟ್ರಿ ಗೋಕಾಕದವ್ರ?

---

ಗೋಕಾಕ ಗೆಂಡೆ · ಅಕ್ಟೋಬರ್ 16, ರಾತ್ರಿ 8:10

ಕಿಲೋಗೆ 2 ಗ್ರಾಂ ಸಾಕ್ರಿ. 10 ಕಿಲೋಗೆ 20 ಗ್ರಾಂ, 21 ದಿನಕ್ಕ ಅರ್ಧ ಕಿಲೋನೂ ಆಗೂದಿಲ್ಲ. ಅರಿಷಿಣದ ಕರ್ಕ್ಯುಮಿನ್ ನೀರಿಗೆ ಕರಗೂದಿಲ್ಲ, ಎಣ್ಣೆಗೆ ಕರಗ್ತದ. ಹಂಗಾಗಿ ಅಕ್ಕಾರ ಎಣ್ಣೆ ಉಪಾಯ ಅದಕ್ಕೂ ಸರಿ. ಆದ್ರ ಎರಡೂ ಒಮ್ಮೆಲೆ ಶುರು ಮಾಡಬ್ಯಾಡ್ರಿ, ಯಾವುದು ಏನು ಮಾಡ್ತು ತಿಳಿಯೂದಿಲ್ಲ. ಬಳ್ಳೊಳ್ಳಿ ಒಂದೇ ಸಾಕು ಈ ವರ್ಷ.

21 ದಿನ ಕೊಟ್ಟು ಎರಡು ವಾರ ಬಿಡ್ರಿ, ಎಳ್ಳಮಾಸಿಗೆ ಮುಂಚೆ ಇನ್ನೊಮ್ಮೆ ಕೊಡ್ರಿ. ಬಿಡದಂಗ ತಿಂಗಳಗಟ್ಟಲೆ ಕೊಟ್ರ ದೇಹ ಅದಕ್ಕ ಒಗ್ಗಿ ಹೋಗ್ತದ, ಕೆಲವೊಮ್ಮೆ ರಕ್ಷಣೆ ಇಳಿಯೂದೂ ಉಂಟು.

---

ತಿಕೋಟಾ ದ್ರಾಕ್ಷಿ · ಅಕ್ಟೋಬರ್ 17, ಬೆಳಿಗ್ಗೆ 9:30

ದಾಳಿಂಬ್ರಿ ಸಿಪ್ಪಿ ಪುಡಿ ಮಾಡಿ ಹಾಕಿದ್ರ ಹೆಂಗ್ರಿ? ಜ್ಯೂಸ್ ಮಾಡೋರು ಬುಟ್ಟಿಗಟ್ಟಲೆ ಚೆಲ್ತಾರ. ದ್ರಾಕ್ಷಿ ಬೀಜನೂ ನಮ್ಮಲ್ಲಿ ಪುಕಟ ಸಿಗತೈತಿ.

---

ಗೋಕಾಕ ಗೆಂಡೆ · ಅಕ್ಟೋಬರ್ 17, ಬೆಳಿಗ್ಗೆ 11:05

ಸಿಪ್ಪೆಯಾಗ ಚಲೋ ಅಂಶ ಅದಾವ, ಪ್ರಯೋಗನೂ ಆಗ್ಯಾವ. ನನ್ನ ಹೆದರಿಕೆ ಬೇರೆ. ದಾಳಿಂಬೆ, ದ್ರಾಕ್ಷಿಗೆ ಎಷ್ಟು ಸಲ ಸಿಂಪಡಿಸ್ತೀವಿ ಅನ್ನೋದು ನಿಮಗ ಗೊತ್ತು. ಸಿಂಪಡಿಸಿದ್ದು ಕುಂದ್ರೋದೇ ಸಿಪ್ಪೆ ಮ್ಯಾಲ. ಬೋರ್ಡೋದಾಗಿನ (ಮೈಲುತುತ್ತು, ಸುಣ್ಣ ಕೂಡಿಸಿದ ಸಿಂಪರಣೆ) ತಾಮ್ರ ಮೀನಿಗೆ ಎಷ್ಟು ಕೆಟ್ಟದ್ದು ಅಂದ್ರ, ತೋಟದಾಗಿನ ಮಳೆನೀರು ಕೃಷಿ ಹೊಂಡಕ್ಕ ಹರಿದು ಬರದಂಗ ಬದು ಹಾಕ್ರಿ ಅಂತ ನಾನು ಎಲ್ಲಾರಿಗೂ ಹೇಳ್ತೀನಿ. ಬೇಕಂದ್ರ ಬದುವಿನ ಮ್ಯಾಲೇ ನೋಡ್ರಿ: ಉತ್ತರಾಣಿ ಬೀಜ ರೋಹು ಮ್ಯಾಲ, ಗರಿಕೆ ಕಾಟ್ಲಾ ಮ್ಯಾಲ ಪ್ರಯೋಗ ಮಾಡ್ಯಾರ, ಎರಡರಾಗೂ ರಕ್ಷಣೆ ಚುರುಕಾದದ್ದು ಕಂಡಾರ. ಔಷಧ ಹೊಡೆಯದ ಬದು ಆಗಿರಬೇಕು ಅಷ್ಟ.

---

ತಿಕೋಟಾ ದ್ರಾಕ್ಷಿ · ಅಕ್ಟೋಬರ್ 17, ಮಧ್ಯಾಹ್ನ 12:15

ತಿಳೀತ್ರಿ. ನಮ್ಮ ಹೊಂಡಕ್ಕ ತೋಟದ ನೀರು ಬರತೈತಿ. ಇವತ್ತ ಜೆಸಿಬಿಯವಗ ಹೇಳ್ತೀನಿ.

---

ಬೀಳಗಿ ಹೊಂಡದವ · ಅಕ್ಟೋಬರ್ 17, ರಾತ್ರಿ 9:20

ಇನ್ನೊಂದು. ಪರಿಚಯದವ್ರು ಒಬ್ರು ಮನಷ್ಯಾರ ಆ್ಯಂಟಿಬಯಾಟಿಕ್ ಗುಳಿಗಿ ಪುಡಿ ಮಾಡಿ ಹಾಕು, ಬಳ್ಳೊಳ್ಳಿಗಿಂತ ಲಗೂ ಕೆಲಸ ಮಾಡತೈತಿ ಅಂತಾರ.

---

ಗೋಕಾಕ ಗೆಂಡೆ · ಅಕ್ಟೋಬರ್ 17, ರಾತ್ರಿ 9:31

ಕೈ ಮುಗಿದು ಹೇಳ್ತೀನಿ, ಬ್ಯಾಡ್ರಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಅಂಥವು ಮೀನು ಸಾಕಾಣಿಕೆಗೆ ನಮ್ಮ ದೇಶದಾಗ ನಿಷೇಧ. ಉಳಿದವನ್ನೂ ಅಂದಾಜಿಲೆ ಹಾಕಿದ್ರ ನಿಮ್ಮ ಹೊಂಡದ ಬ್ಯಾಕ್ಟೀರಿಯಾ ಔಷಧಕ್ಕ ಜಗ್ಗದಂಗ ಆಗ್ತಾವ. ಆ ಮೀನು ತಿನ್ನೋರು ನಮ್ಮ ಮಕ್ಕಳೇ. ರೋಗ ಕಂಡ್ರ, ಸತ್ತದ್ದಲ್ಲ, ಜಡ್ಡಾದ ಜೀವಂತ ಮೀನು ತಗೊಂಡು ವಿಜಯಪುರದ ಭೂತನಾಳದಾಗಿನ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರಕ್ಕ ಹೋಗ್ರಿ. ಕೆಂಪು ಗಾಯ ಬ್ಯಾಕ್ಟೀರಿಯಾದ್ದೂ ಇರಬಹುದು, 1988ರಾಗ ನಮ್ಮ ದೇಶಕ್ಕ ಬಂದ ಹುಣ್ಣು ರೋಗನೂ ಇರಬಹುದು. ಅದರ ಮೂಲ ಶಿಲೀಂಧ್ರದಂಥ ಜೀವಿ, ಅದಕ್ಕ ಆ್ಯಂಟಿಬಯಾಟಿಕ್ ಏನೂ ಮಾಡೂದಿಲ್ಲ.

---

ಶಾಲೆ ಮಾಸ್ತರ, ಬೆಳಗಾವಿ · ಅಕ್ಟೋಬರ್ 18, ಬೆಳಿಗ್ಗೆ 7:00

ಒಂದು ವಿನಂತಿ. ಹೊಂಡದ ಎಲ್ಲಾ ಮೀನಿಗೂ ಬೆಳ್ಳುಳ್ಳಿ ಕೊಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ. ಅದೇ ಹೊಂಡದಲ್ಲಿ ಆರು ಹಾಪಾ (ನೀರೊಳಗೆ ಕಟ್ಟುವ ಚೀಲದಂಥ ಬಲೆ) ಕಟ್ಟಿ, ಒಂದೊಂದರಲ್ಲಿ 30 ಮರಿ ಬಿಡಿ. ಮೂರಕ್ಕೆ ಬೆಳ್ಳುಳ್ಳಿ ಆಹಾರ, ಮೂರಕ್ಕೆ ಸಾದಾ ಆಹಾರ. ನೀರು ಒಂದೇ, ಚಳಿ ಒಂದೇ. ದಿನಾ ಸತ್ತದ್ದು ಬರೆದಿಡಿ.

---

ಕೆರಿ ಕಾಕಾ, ಇಂಡಿ · ಅಕ್ಟೋಬರ್ 18, ಬೆಳಿಗ್ಗೆ 8:45

ಹಾಪಾಕ್ಕ ಮರಿ ಬಿಡೂ ಮುಂದ ಕೈ ಒದ್ದಿ ಮಾಡ್ಕೊ ತಮ್ಮಾ. ಒಣ ಕೈಲೆ ಹಿಡದ್ರ ಲೋಳಿ ಹೋಗತೈತಿ, ಲೋಳಿ ಹೋದಲ್ಲೇ ಗಾಯ ಆಗೂದು. ಮುಂಜಾನೆ ತಂಪಿನ್ಯಾಗ ಮಾಡು.

---

ಬೀಳಗಿ ಹೊಂಡದವ · ಫೆಬ್ರುವರಿ 9, ರಾತ್ರಿ 8:55

ಎಲ್ಲಾರೂ ಹೇಳಿದಂಗ ಮಾಡಿ, ಬರದಿಟ್ಟು, ಈಗ ಬಂದೀನ್ರಿ.

ಬಳ್ಳೊಳ್ಳಿ ತಿಂದ ಮೂರು ಹಾಪಾದಾಗ ಉಳದದ್ದು 28, 27, 29. ಸಾದಾ ಆಹಾರ ತಿಂದ ಮೂರರಾಗ 26, 28, 24. ಅಂದ್ರ 90ರಾಗ 84, ಇತ್ಲಾಗ 90ರಾಗ 78. ತೂಕದಾಗ ಫರಕ ಇಲ್ಲ. ಹೊಂಡದಾಗಿನ ಮೀನಿಗೆಲ್ಲಾ ಬಳ್ಳೊಳ್ಳಿ ಕೊಟ್ಟೀನಿ, ಇಡೀ ಚಳಿಗಾಲದಾಗ ಕೈಗೆ ಸಿಕ್ಕ ಸತ್ತ ಮೀನು 31. ಹೋದ ವರ್ಷದ 400 ಎಲ್ಲಿ, 31 ಎಲ್ಲಿ! ಎಳ್ಳಮಾಸಿ ದಿವಸ ಚರಗ ಚೆಲ್ಲಿ ಬಂದು ಹೊಂಡದ ದಂಡಿಗೆ ನಿಂತಾಗ ಕಣ್ಣಾಗ ನೀರು ಬಂತ್ರಿ.

ಆದ್ರ ಸುಳ್ಳು ಹೇಳಂಗಿಲ್ಲ. ಈ ವರ್ಷ ಹಿಂಡಿ ಹೊಸಾದು. ಬೆಳಗಿನ ಜಾವ ನಾಲ್ಕಕ್ಕ ಎದ್ದು ಪಂಪ್ ಹಚ್ಚಿ ನೀರು ಮ್ಯಾಲಿಂದ ಬೀಳಿಸೀನಿ. ಇದರಾಗ ಯಾವುದರ ಪಾಲು ಎಷ್ಟು ಅಂತ ನನಗ ಹೇಳಾಕ ಬರೂದಿಲ್ಲ.

---

ಶಾಲೆ ಮಾಸ್ತರ, ಬೆಳಗಾವಿ · ಫೆಬ್ರುವರಿ 9, ರಾತ್ರಿ 9:40

ನಿಮ್ಮ ಪ್ರಾಮಾಣಿಕತೆಗೆ ದೊಡ್ಡ ನಮಸ್ಕಾರ. ಹೊಂಡದ ಉಳಿತಾಯವನ್ನು ಬೆಳ್ಳುಳ್ಳಿಯ ಲೆಕ್ಕಕ್ಕೆ ಬರೆಯಲಾಗದು, ನೀವೇ ಹೇಳಿದಿರಿ. ಹಾಪಾದಲ್ಲಿ ಆರು ಮೀನಿನ ವ್ಯತ್ಯಾಸ. ಇಷ್ಟು ಕಡಿಮೆ ಮೀನಿನಲ್ಲಿ ಆಕಸ್ಮಿಕವಾಗಿಯೂ ಇಷ್ಟು ಬರಬಹುದು. ತಳ್ಳಿಹಾಕುವಂತಿಲ್ಲ, ನಂಬಿ ಕೂರುವಂತೆಯೂ ಇಲ್ಲ.

---

ಕೆರಿ ಕಾಕಾ, ಇಂಡಿ · ಫೆಬ್ರುವರಿ 10, ಬೆಳಿಗ್ಗೆ 6:30

ಆ 24 ಉಳದ ಹಾಪಾ ಎಲ್ಲಿ ಕಟ್ಟಿದ್ದಿ ತಮ್ಮಾ? ಪಂಪಿನ ನೀರು ಬೀಳೂ ಕಡೀಗೋ, ದೂರೋ?

---

ಬೀಳಗಿ ಹೊಂಡದವ · ಫೆಬ್ರುವರಿ 10, ಬೆಳಿಗ್ಗೆ 7:12

ಕಾಕಾರ... ದೂರದ ಮೂಲ್ಯಾಗ. ಸಾದಾ ಮೂರೂ ಆ ಕಡೆ, ಬಳ್ಳೊಳ್ಳಿ ಮೂರೂ ನೀರು ಬೀಳೂ ಕಡೆ. ಆಹಾರ ಅದಲು ಬದಲು ಆಗಬಾರ್ದು ಅಂತ ಹಂಗ ಕಟ್ಟಿದ್ದೆ.

---

ಗೋಕಾಕ ಗೆಂಡೆ · ಫೆಬ್ರುವರಿ 10, ಬೆಳಿಗ್ಗೆ 7:50

ಹಂಗಾದ್ರ ಆರು ಮೀನಿನ ಫರಕ ಪಂಪಿನ ನೀರು ಬೀಳೋ ಕಡೆ ನೀರಿಗೆ ಬೆರೆತ ಗಾಳಿಯದ್ದೂ ಇರಬಹುದು. ಮುಂದಿನ ಸಲ ಆರು ಚೀಟಿ ಬರೆದು ಮಡಚಿ, ಮನೆಯ ಸಣ್ಣ ಹುಡುಗನ ಕೈಯಿಂದ ಎತ್ತಿಸ್ರಿ. ಚೀಟಿಯಾಗ ಬಂದ ಜಾಗಕ್ಕ ಬಂದ ಹಾಪಾ. ಬಣ್ಣದ ದಾರ ಕಟ್ಟಿದ್ರ ಅದಲು ಬದಲು ಆಗೂದಿಲ್ಲ. ನಾನೂ ನಮ್ಮ ಹೊಂಡದಾಗ ಆರು ಕಟ್ತೀನಿ.

---

ಸಂಘದ ಅಕ್ಕ, ಮುಧೋಳ · ಫೆಬ್ರುವರಿ 10, ಬೆಳಿಗ್ಗೆ 9:05

ಇಬ್ಬರಿಗೂ ಆಹಾರ ನಮ್ಮ ಸಂಘದಿಂದ ಒಯ್ಯಿರಿ. ಒಂದೇ ಗಂಜಿ, ಒಂದೇ ಹಿಂಡಿ. ಕೆಂಪು ದಾರದ ಚೀಲಕ್ಕ ಬಳ್ಳೊಳ್ಳಿ, ಬಿಳಿ ದಾರದ ಚೀಲ ಸಾದಾ. ದೀಪಾವಳಿ ಆದ ಮರುವಾರ ಬರ್ರಿ, ತಯಾರ ಇಟ್ಟಿರ್ತೀವಿ.